ತುಂಗಭದ್ರೆಯ ಹಸಿರು ನೀರು: ಪಾಚಿಯ ಗುರುತು, ಪಾಚಿಯ ಹತೋಟಿ

ಹೊಸಪೇಟೆಯ ಪಕ್ಕದ ತುಂಗಭದ್ರಾ ಜಲಾಶಯದ ನೀರು ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಹಸಿರು ಬಣ್ಣಕ್ಕೆ ತಿರುಗಿ ಸುದ್ದಿಯಾಗಿದೆ. ಮುಂಗಾರಿನ ಕೆಂಪು ಪ್ರವಾಹ ತಣಿದು, ಜಲಾಶಯ ತುಂಬಿ, ಒಳಹರಿವು ಇಳಿದ ಮೇಲೆ ದಂಡೆಯ ಗುಂಟ ಸೊಪ್ಪು ಅರೆದು ಕಲಸಿದಂತಹ ದಪ್ಪ ಪದರ ಕಾಣಿಸಿಕೊಳ್ಳುತ್ತದೆ. ಅದೇ ನೀರು ಕಾಲುವೆಗೂ ನದಿಗೂ ಇಳಿದು, ಹಂಪಿಯ ಬಂಡೆಗಳ ನಡುವೆ ಹಾದು, ಕಂಪ್ಲಿಯತ್ತ ಸಾಗುತ್ತದೆ. ಕಂಪ್ಲಿ ತಾಲೂಕಿನ ಎಮ್ಮಿಗನೂರಿನಂತಹ ಊರುಗಳ ಭತ್ತದ ಗದ್ದೆಗಳಲ್ಲಿ ನಾಟಿ ಮುಗಿದ ಕೆಲವೇ ದಿನಗಳಲ್ಲಿ ನಿಂತ ನೀರಿನ ಮೇಲೆ ಇನ್ನೊಂದು ಬಗೆಯ ಹಸಿರು ಚಾಪೆ ಹರಡಿಕೊಳ್ಳುವುದೂ ಉಂಟು. ಇವೆಲ್ಲವನ್ನೂ ಜನ ‘ಪಾಚಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಒಂದು ಪಾಚಿ ಗದ್ದೆಗೆ ಗೊಬ್ಬರವಾದರೆ, ಇನ್ನೊಂದು ಎಳೆ ಸಸಿಯನ್ನು ಬುಡಮೇಲು ಮಾಡುತ್ತದೆ, ಮತ್ತೊಂದು ಕುಡಿಯುವ ನೀರಿಗೆ ವಿಷ ಬೆರೆಸುತ್ತದೆ. ಆದ್ದರಿಂದ ಪಾಚಿಯ ಹತೋಟಿ ಔಷಧದ ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ಕಂಡ ಪಾಚಿ ಯಾವುದು, ಅದಕ್ಕೆ ಊಟ ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆಗಳಿಂದ ಆರಂಭವಾಗುತ್ತದೆ.

ಪಾಚಿ ಎಂಬ ಹೆಸರಿನ ಒಳಗೆ

ನೀರಿನಲ್ಲಿ ಅಥವಾ ತೇವದ ಜಾಗದಲ್ಲಿ ಬೆಳೆಯುವ, ಬೇರು ಕಾಂಡ ಎಲೆಗಳೆಂಬ ವಿಂಗಡಣೆ ಇಲ್ಲದ, ಆದರೆ ಗಿಡಗಳಂತೆಯೇ ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಸರಳ ಜೀವಿಗಳಿಗೆ ಪಾಚಿ ಎಂಬುದು ಒಟ್ಟು ಹೆಸರು. ಕಲ್ಲಿನ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಾವಸೆಯಿಂದ ಹಿಡಿದು ಕಡಲಿನಲ್ಲಿ ಹತ್ತಾರು ಮೀಟರ್ ಉದ್ದ ಬೆಳೆಯುವ ಕಂದು ಪಾಚಿಯವರೆಗೆ ಇವುಗಳ ಹರವು ಇದೆ. ನೀರಿನಲ್ಲಿ ಪಾಚಿ ಇರುವುದು ದೋಷವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಸೂಕ್ಷ್ಮ ಪ್ರಾಣಿಗಳು ತಿನ್ನುತ್ತವೆ, ಅವುಗಳನ್ನು ಮರಿ ಮೀನುಗಳು ತಿನ್ನುತ್ತವೆ, ಮರಿ ಮೀನುಗಳನ್ನು ದೊಡ್ಡ ಮೀನುಗಳು ತಿನ್ನುತ್ತವೆ. ತುಂಗಭದ್ರಾ ಜಲಾಶಯದ ಮೀನುಗಾರರ ಬಲೆಗೆ ಬೀಳುವ ಪ್ರತಿ ಮೀನಿನ ಮೈಯಲ್ಲಿ ಒಂದು ಕಾಲದ ಪಾಚಿ ಇದೆ. ಅಳತೆ ಮೀರಿ ಬೆಳೆದಾಗ ಮಾತ್ರ ಅದು ಪೀಡೆಯಾಗುತ್ತದೆ.

ಪಾಚಿ ಎಂದು ಕರೆಯಲ್ಪಡುವವುಗಳಲ್ಲಿ ‘ನೀಲಿ-ಹಸಿರು ಪಾಚಿ’ ಎಂಬ ಗುಂಪನ್ನು ಪ್ರತ್ಯೇಕವಾಗಿ ತಿಳಿಯಬೇಕು. ಹೆಸರಿನಲ್ಲಿ ಪಾಚಿ ಎಂದಿದ್ದರೂ ಇವು ನಿಜದಲ್ಲಿ ಬ್ಯಾಕ್ಟೀರಿಯಾಗಳು. ವಿಜ್ಞಾನದಲ್ಲಿ ಇವುಗಳಿಗೆ ಸಯನೋಬ್ಯಾಕ್ಟೀರಿಯಾ ಎಂಬ ಹೆಸರಿದೆ. ಎರಡು ನೂರು ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇವುಗಳ ಪೂರ್ವಜರು. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಹಿಡಿದು, ಬೆಳೆಗೆ ಸಿಗುವ ರೂಪಕ್ಕೆ ತರಬಲ್ಲವು. ಭತ್ತದ ಗದ್ದೆಗಳು ಹೆಚ್ಚು ಗೊಬ್ಬರವಿಲ್ಲದೆಯೂ ವರ್ಷ ವರ್ಷ ಫಸಲು ಕೊಡುತ್ತಿದ್ದುದಕ್ಕೆ ಈ ಜೀವಿಗಳೂ ಕಾರಣವೆಂಬುದನ್ನು ವಿಜ್ಞಾನಿ ಪಿ.ಕೆ. ಡೇ 1939ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದರು. ಚೆನ್ನಾಗಿ ಬೆಳೆದ ನೀಲಿ-ಹಸಿರು ಪಾಚಿ ಒಂದು ಹಂಗಾಮಿನಲ್ಲಿ ಹೆಕ್ಟೇರಿಗೆ ಸುಮಾರು 20ರಿಂದ 30 ಕಿಲೋ ಸಾರಜನಕ ಕೊಡುತ್ತದೆಂದು ಕೃಷಿ ತಜ್ಞರು ಲೆಕ್ಕ ಹಾಕುತ್ತಾರೆ. ಗದ್ದೆಯಲ್ಲಿ ಬೆಳೆಸುವ ಅಜೋಲಾ ಪಾಚಿಯಲ್ಲ, ತೇಲುವ ಒಂದು ಪುಟ್ಟ ಜರೀಗಿಡ. ಆದರೆ ಅದರ ಎಲೆಯ ಗೂಡಿನೊಳಗೆ ಕುಳಿತು ಸಾರಜನಕ ಕೂಡಿಡುವುದು ಇದೇ ಗುಂಪಿನ ಅನಬೀನಾ ಎಂಬ ಜೀವಿ. ಒಂದೇ ಗುಂಪಿನಲ್ಲಿ ಉಪಕಾರಿಯೂ ಅಪಕಾರಿಯೂ ಇರುವುದರಿಂದ ಗುರುತಿಸದೆ ಕೈಹಾಕುವುದು ತರವಲ್ಲ.

ಗುರುತಿಸುವ ಬಗೆ

ಸೂಕ್ಷ್ಮದರ್ಶಕವಿಲ್ಲದೆಯೂ ಸಾಮಾನ್ಯ ಜನ ಪಾಚಿಯ ಮುಖ್ಯ ಬಗೆಗಳನ್ನು ಕಣ್ಣು, ಕೈ, ಮೂಗುಗಳಿಂದ ಬಹುಮಟ್ಟಿಗೆ ಬೇರ್ಪಡಿಸಬಹುದು. ನೀರಿನಿಂದ ಎತ್ತಿದಾಗ ಕೂದಲಿನಂತೆಯೋ ಹತ್ತಿಯ ಎಳೆಯಂತೆಯೋ ಜೋತುಬೀಳುವುದು ಎಳೆಪಾಚಿ. ಅದರಲ್ಲಿ ರೇಷ್ಮೆಯಂತೆ ನುಣುಪಾಗಿ ಬೆರಳ ನಡುವಿನಿಂದ ಜಾರಿಹೋಗುವುದು ಸ್ಪೈರೋಗೈರಾ. ಹಿಡಿದು ಬಿಡಿಸಿದರೆ ಸಣ್ಣ ಕಣ್ಣಿನ ಬಲೆಯಂತೆ ತೆರೆದುಕೊಳ್ಳುವುದು ಹೈಡ್ರೋಡಿಕ್ಟಿಯಾನ್. ತಳದ ಮಣ್ಣಿಗೆ ಅಂಟಿಕೊಂಡು, ಗಿಡದಂತೆಯೇ ನಿಂತು, ಮುಟ್ಟಿದರೆ ಸುಣ್ಣದ ಒರಟುತನ ತೋರಿ, ಹಿಸುಕಿದರೆ ಬೆಳ್ಳುಳ್ಳಿಯ ವಾಸನೆ ಬೀರುವುದು ಕಾರಾ. ಕಾಲುವೆಯ ಕಲ್ಲು, ಪಂಪಿನ ಪೈಪು, ಹೊಳೆಯ ಬಂಡೆಗಳ ಮೇಲೆ ಕಂದುಬಣ್ಣದ ಜಾರು ಪದರವಾಗಿ ಕೂರುವವು ಡಯಾಟಮ್‌ಗಳು, ಅಂದರೆ ಗಾಜಿನ ಮೂಲವಸ್ತುವಾದ ಸಿಲಿಕಾದಿಂದ ತಮ್ಮ ಚಿಪ್ಪನ್ನು ಕಟ್ಟಿಕೊಳ್ಳುವ ಒಂಟಿಕೋಶದ ಜೀವಿಗಳು. ಇವೆಲ್ಲ ನಿಜವಾದ ಪಾಚಿಗಳು. ತೊಂದರೆ ಕೊಟ್ಟರೂ ಸಾಮಾನ್ಯವಾಗಿ ವಿಷ ಕಾರುವವಲ್ಲ.

ನೀಲಿ-ಹಸಿರು ಪಾಚಿಯ ನಡೆ ಬೇರೆ. ಜಲಾಶಯಗಳಲ್ಲಿ ಪೀಡೆಯಾಗುವ ಮೈಕ್ರೋಸಿಸ್ಟಿಸ್ ಎಂಬ ಬಗೆ ಎಳೆಯಾಗಿ ಬೆಳೆಯುವುದಿಲ್ಲ. ಮೊದಲು ನೀರಿನಲ್ಲಿ ರವೆ ಚೆಲ್ಲಿದಂತೆ ಹಸಿರು ಕಣಗಳಾಗಿ ತೇಲಿ, ಆಮೇಲೆ ಬಣ್ಣ ಸುರಿದಂತೆ ಮೇಲ್ಮೈಯಲ್ಲಿ ಹೆಪ್ಪುಗಟ್ಟುತ್ತದೆ. ಒಣಗಿದ ದಡದಲ್ಲಿ ಅದರ ಪದರ ತಿಳಿನೀಲಿಯಾಗಿಯೋ ಬಿಳಿಚಿಕೊಂಡೋ ಕಾಣುತ್ತದೆ. ಜೀವಕೋಶ ಒಡೆದು ಒಳಗಿನ ನೀಲಿ ವರ್ಣದ್ರವ್ಯ ಹೊರಬರುವುದೇ ಇದಕ್ಕೆ ಕಾರಣ. ಕೊಳೆಯುವಾಗ ದುರ್ವಾಸನೆ ಇರುತ್ತದೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಈ ಗುಂಪಿನ ಕೆಲವು ಜೀವಿಗಳೂ ತಯಾರಿಸುವುದರಿಂದ, ನಲ್ಲಿಯ ನೀರಿಗೆ ಮಣ್ಣಿನ ವಾಸನೆ ಬಂದರೆ ಅದೂ ಒಂದು ಸೂಚನೆ.

ಸಂಶಯ ತೀರಿಸಿಕೊಳ್ಳಲು ಎರಡು ಸುಲಭ ಪರೀಕ್ಷೆಗಳಿವೆ. ಮೊದಲನೆಯದು ಕೋಲಿನದು: ಉದ್ದನೆಯ ಕೋಲನ್ನು ಹಸಿರು ಪದರದಲ್ಲಿ ಅದ್ದಿ ಎತ್ತಿದಾಗ ಎಳೆಗಳು ಜೋತುಬಿದ್ದರೆ ಅದು ಎಳೆಪಾಚಿ, ಕೋಲಿಗೆ ಹಸಿರು ಬಣ್ಣ ಬಳಿದಂತೆ ಅಂಟಿದರೆ ನೀಲಿ-ಹಸಿರು ಪಾಚಿಯ ಸಂಶಯ ಬಲವಾಗುತ್ತದೆ. ಎರಡನೆಯದು ಬಾಟಲಿಯದು: ಮೇಲ್ಪದರವನ್ನು ಬಿಟ್ಟು ಸ್ವಲ್ಪ ಕೆಳಗಿನ ನೀರನ್ನು ಪಾರದರ್ಶಕ ಬಾಟಲಿಗೆ ಮುಕ್ಕಾಲು ಭಾಗ ತುಂಬಿಸಿ, ತಂಪಾದ ಜಾಗದಲ್ಲಿ ಅಲುಗಿಸದೆ ಒಂದು ರಾತ್ರಿ ಇಟ್ಟರೆ, ಸಾಮಾನ್ಯ ಹಸಿರು ಪಾಚಿ ತಳಕ್ಕೆ ಇಳಿಯುತ್ತದೆ, ನೀಲಿ-ಹಸಿರು ಪಾಚಿ ಮೇಲೆ ಬಂದು ಉಂಗುರದಂತೆ ಕಟ್ಟುತ್ತದೆ. ಅದರ ಕೋಶಗಳೊಳಗೆ ಗಾಳಿಯ ಸೂಕ್ಷ್ಮ ಚೀಲಗಳಿರುವುದೇ ಈ ತೇಲುವಿಕೆಯ ಗುಟ್ಟು. ಈ ಪರೀಕ್ಷೆಗಳನ್ನು ಮಾಡುವವರು ಕೈಗೆ ಕವಚ ಹಾಕಿಕೊಳ್ಳುವುದು, ಆಮೇಲೆ ಸಾಬೂನಿನಿಂದ ಕೈ ತೊಳೆಯುವುದು ಅಗತ್ಯ. ವಿಷವಿದೆಯೋ ಇಲ್ಲವೋ, ಇದ್ದರೆ ಎಷ್ಟು ಎಂಬುದನ್ನು ಮಾತ್ರ ಪ್ರಯೋಗಾಲಯವೇ ಹೇಳಬೇಕು.

ನೂರು ಚೀಲದ ಲೆಕ್ಕ

ಪಾಚಿ ಬೆಳೆಯಲು ಬಿಸಿಲು, ಬೆಚ್ಚಗಿನ ನೀರು, ಇಂಗಾಲ, ಸಾರಜನಕ, ರಂಜಕ ಮತ್ತು ಅತ್ಯಲ್ಪ ಪ್ರಮಾಣದ ಕೆಲವು ಲೋಹಗಳು ಬೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೊದಲು ಮುಗಿದುಹೋಗುತ್ತದೆಯೋ ಅದೇ ಬೆಳವಣಿಗೆಗೆ ಎಲ್ಲೆ ಹಾಕುತ್ತದೆ. ಸಿಹಿನೀರಿನ ಕೆರೆ ಜಲಾಶಯಗಳಲ್ಲಿ ಬಹುತೇಕ ಆ ಎಲ್ಲೆ ರಂಜಕ. ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು 1973ರಲ್ಲಿ ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಬೀಳದ ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಸರೋವರದ ಚಿತ್ರ ಹಲವು ದೇಶಗಳ ಜಲನೀತಿಯನ್ನೇ ಬದಲಾಯಿಸಿತು. ಸಾರಜನಕ ಒಂದನ್ನೇ ತಡೆದರೆ ಸಾಲದು, ಏಕೆಂದರೆ ಅನಬೀನಾದಂತಹ ಜೀವಿಗಳು ಅದನ್ನು ಗಾಳಿಯಿಂದಲೇ ಪಡೆದುಕೊಳ್ಳುತ್ತವೆ; ರಂಜಕವನ್ನು ಗಾಳಿಯಿಂದ ಪಡೆಯುವ ದಾರಿ ಯಾವ ಪಾಚಿಗೂ ಇಲ್ಲ.

ಈ ಮಾತನ್ನು ತುಂಗಭದ್ರೆಯ ಅಳತೆಗೆ ತಂದು ನೋಡಬಹುದು. ರೈತರು ಬಳಸುವ 50 ಕಿಲೋದ ಒಂದು ಡಿಎಪಿ ಚೀಲದಲ್ಲಿ ಶುದ್ಧ ರಂಜಕದ ಪ್ರಮಾಣ ಸುಮಾರು 10 ಕಿಲೋ. ಒಂದು ಲೀಟರ್ ನೀರಿನಲ್ಲಿ ಒಟ್ಟು ರಂಜಕ ಸುಮಾರು 35 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ 35 ಪಾಲು ದಾಟಿದರೆ ಆ ಕೆರೆಯನ್ನು ‘ಅತಿಪೋಷಿತ’, ಎಂದರೆ ಪಾಚಿ ಉಕ್ಕುವಷ್ಟು ಊಟ ಸಿಕ್ಕಿದ ಕೆರೆ ಎಂದು ಜಲವಿಜ್ಞಾನಿಗಳು ಎಣಿಸುತ್ತಾರೆ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು, ಲೀಟರಿನ ಲೆಕ್ಕದಲ್ಲಿ ಸುಮಾರು 2,830 ಕೋಟಿ. ಗುಣಿಸಿ ನೋಡಿದರೆ, ಒಂದು ಟಿಎಂಸಿ ನೀರನ್ನು ಆ ಮಿತಿಗೆ ಮುಟ್ಟಿಸಲು ಬೇಕಾದ ರಂಜಕ ಸುಮಾರು 990 ಕಿಲೋ, ಎಂದರೆ ಹೆಚ್ಚುಕಡಿಮೆ ನೂರು ಚೀಲ ಡಿಎಪಿಯಲ್ಲಿ ಇರುವಷ್ಟು. ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿರುವ ಇಡೀ ಜಲಾಶಯಕ್ಕೆ ಹತ್ತು ಸಾವಿರದ ಐನೂರು ಚೀಲಗಳ ರಂಜಕ ಸಾಕು.

ಹೊಲಕ್ಕೆ ಹಾಕಿದ ರಂಜಕದ ಹೆಚ್ಚಿನ ಪಾಲನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದು ನಿಜ. ಆದರೆ ಮಳೆಗೆ ಕೊಚ್ಚಿಹೋಗುವ ಮಣ್ಣಿನ ಜೊತೆಗೆ ಅದೂ ಹೋಗುತ್ತದೆ. ಜಲಾಶಯ ಕಳೆದುಕೊಂಡ 28 ಟಿಎಂಸಿಯ ಜಾಗದಲ್ಲಿ ಕೂತಿರುವ ಹೂಳು ಅಂತಹ ಮಣ್ಣೇ. ಕೂಡಲಿಯಲ್ಲಿ ಒಂದಾಗುವ ತುಂಗಾ ಮತ್ತು ಭದ್ರಾ, ಆಮೇಲೆ ಬಂದು ಸೇರುವ ಕುಮುದ್ವತಿ ಮತ್ತು ವರದಾ ನದಿಗಳು ಹರಿಯುವ ದಾರಿಯುದ್ದಕ್ಕೂ ಅಡಿಕೆ, ಭತ್ತ, ಮೆಕ್ಕೆಜೋಳದ ನೆಲವಿದೆ. ಶಿವಮೊಗ್ಗ, ಭದ್ರಾವತಿ, ಹರಿಹರದಂತಹ ಊರುಗಳಿವೆ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು 400ರಿಂದ 500 ಗ್ರಾಂ ರಂಜಕ ಹೊರಹೋಗುತ್ತದೆ. ಒಂದು ಲಕ್ಷ ಜನರ ಊರಿನ ಚರಂಡಿ ನೀರು ಸಂಸ್ಕರಣೆಯಾಗದೆ ನದಿ ಸೇರಿದರೆ ವರ್ಷಕ್ಕೆ 40ರಿಂದ 50 ಟನ್ ರಂಜಕ ಸೇರಿದಂತೆ. ಈ ಲೆಕ್ಕದಲ್ಲಿ ಅದು ನಾಲ್ಕರಿಂದ ಐದು ಸಾವಿರ ಚೀಲ ಡಿಎಪಿಗೆ ಸಮ. ಆದ್ದರಿಂದ ಹಸಿರು ನೀರಿಗೆ ರೈತರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಪೇಟೆಯ ಪಾಲೂ ಅದರಲ್ಲಿ ದೊಡ್ಡದು.

ಪ್ರವಾಹ ಹರಿಯುವಾಗ ಕಾಣದ ಹಸಿರು ಆಮೇಲೆ ಕಾಣುವುದಕ್ಕೂ ಕಾರಣವಿದೆ. ಜುಲೈ, ಆಗಸ್ಟ್ ತಿಂಗಳ ಕೆಂಪು ನೀರು ಪೋಷಕಾಂಶಗಳನ್ನು ಹೊತ್ತು ತರುತ್ತದೆ, ಆದರೆ ಅದರ ಕದಡು ಬಿಸಿಲನ್ನು ಒಳಗೆ ಬಿಡುವುದಿಲ್ಲ. ಒಳಹರಿವು ಕಡಿಮೆಯಾಗಿ ಮಣ್ಣು ತಳಕ್ಕೆ ಇಳಿದ ಮೇಲೆ ನೀರು ತಿಳಿಯಾಗುತ್ತದೆ, ಮೇಲ್ಪದರ ಕಾಯುತ್ತದೆ, ಅಲೆಯ ಕದಲಿಕೆ ಇಳಿಯುತ್ತದೆ. ಊಟ, ಬೆಳಕು, ನಿಶ್ಚಲತೆ ಮೂರೂ ಕೂಡಿದ ಆ ವಾರಗಳಲ್ಲಿ ತೇಲಬಲ್ಲ ನೀಲಿ-ಹಸಿರು ಪಾಚಿ ಉಳಿದೆಲ್ಲ ಪಾಚಿಗಳನ್ನು ಹಿಂದಿಕ್ಕಿ ಮೇಲೆ ಬರುತ್ತದೆ, ಗಾಳಿ ಬೀಸಿದ ಕಡೆಯ ದಂಡೆಗೆ ರಾಶಿಯಾಗಿ ಸೇರುತ್ತದೆ.

ಸಂಡೂರಿನ ಬೆಟ್ಟಗಳ ಕೆಂಪು ಬಣ್ಣಕ್ಕೆ ಕಾರಣವಾದ ಕಬ್ಬಿಣಕ್ಕೂ ಈ ಕತೆಯಲ್ಲಿ ಒಂದು ಪಾತ್ರವಿದೆ. ಕಬ್ಬಿಣದ ತುಕ್ಕಿನಂತಹ ಸಂಯುಕ್ತಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೆಂಪು ಮಣ್ಣಿನ ಸೀಮೆಯ ಕೆರೆಗಳ ತಳದಲ್ಲಿ ಈ ಹಿಡಿತ ನೀರನ್ನು ಕಾಪಾಡುತ್ತದೆ. ಆದರೆ ತಳದ ನೀರಿನಲ್ಲಿ ಆಮ್ಲಜನಕ ಇರುವವರೆಗೆ ಮಾತ್ರ ಈ ಹಿಡಿತ ಉಳಿಯುತ್ತದೆ. ಕೊಳೆಯುವ ಪಾಚಿಯೂ ಕೊಳಚೆಯೂ ಆಮ್ಲಜನಕವನ್ನು ಮುಗಿಸಿದಾಗ ಕಬ್ಬಿಣದ ರೂಪ ಬದಲಾಗಿ ಅದು ನೀರಿನಲ್ಲಿ ಕರಗುತ್ತದೆ, ಹಿಡಿದಿದ್ದ ರಂಜಕವನ್ನು ಬಿಟ್ಟುಕೊಡುತ್ತದೆ. ಇಂಗ್ಲೆಂಡಿನ ಸರೋವರಗಳಲ್ಲಿ ಇದನ್ನು ಸಿ.ಎಚ್. ಮಾರ್ಟಿಮರ್ 1941ರಷ್ಟು ಹಿಂದೆಯೇ ವಿವರಿಸಿದ್ದರು. ಈ ವರ್ಷ ಹೊರಗಿನಿಂದ ಏನೂ ಬರದಿದ್ದರೂ ಹಿಂದಿನ ವರ್ಷಗಳ ಹೂಳೇ ಪಾಚಿಗೆ ಉಣಿಸಬಲ್ಲದು ಎಂಬುದು ಇದರ ಅರ್ಥ.

ಕುದಿಸಿದರೂ ಹೋಗದ ವಿಷ

ಮೈಕ್ರೋಸಿಸ್ಟಿಸ್ ಮತ್ತು ಅದರ ಸಂಬಂಧಿಗಳಲ್ಲಿ ಹಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ಅದು ಮುಖ್ಯವಾಗಿ ಯಕೃತ್ತನ್ನು ಕೆಡಿಸುತ್ತದೆ. ಆಯುಷ್ಯವಿಡೀ ಕುಡಿಯುವ ನೀರಿನಲ್ಲಿ ಇದರ ಪ್ರಮಾಣ ಲೀಟರಿಗೆ ಒಂದು ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ರೆಜಿಲ್ ದೇಶದ ಕರುವಾರು ನಗರದಲ್ಲಿ 1996ರಲ್ಲಿ ಸರಿಯಾಗಿ ಶುದ್ಧೀಕರಿಸದ ಜಲಾಶಯದ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ ಈ ವಿಷ ನೇರವಾಗಿ ರೋಗಿಗಳ ರಕ್ತ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಮೆರಿಕದ ಟೊಲೆಡೊ ನಗರದಲ್ಲಿ 2014ರ ಆಗಸ್ಟ್ ತಿಂಗಳಲ್ಲಿ ಈರಿ ಸರೋವರದ ಪಾಚಿಯ ವಿಷ ನಲ್ಲಿಯ ನೀರಿನಲ್ಲಿ ಕಂಡುಬಂದು, ಲಕ್ಷಾಂತರ ಜನ ಸುಮಾರು ಮೂರು ದಿನ ನಲ್ಲಿಯ ನೀರು ಕುಡಿಯದಂತೆ ಸೂಚನೆ ಹೊರಡಿಸಬೇಕಾಯಿತು.

ಎಲ್ಲ ಹಸಿರು ನೀರಿನಲ್ಲೂ ಈ ವಿಷ ಇರುವುದಿಲ್ಲ, ಆದ್ದರಿಂದ ಹೆದರಿಕೆ ಹಬ್ಬಿಸುವ ಅಗತ್ಯವಿಲ್ಲ. ಆದರೆ ಒಂದು ವಿಷಯವನ್ನು ಪ್ರತಿ ಮನೆಯೂ ತಿಳಿದಿರಬೇಕು. ಕಾಲರಾ, ಆಮಶಂಕೆಯ ರೋಗಾಣುಗಳನ್ನು ಕೊಲ್ಲುವ ಕುದಿಸುವ ವಿಧಾನ ಈ ವಿಷದ ಮೇಲೆ ಕೆಲಸ ಮಾಡುವುದಿಲ್ಲ. ಕುದಿಸಿದಾಗ ಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಸೇರುತ್ತದೆ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಸರಿಯಾದ ಕ್ರಮವೆಂದರೆ ಪದರ ಕಟ್ಟಿದ ಮೇಲ್ಮೈಯಿಂದಲ್ಲದೆ ಆಳದಿಂದ ನೀರು ಎಳೆದು, ಕೋಶಗಳು ಒಡೆಯುವ ಮೊದಲೇ ಪಟಿಕ ಹಾಕಿ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಉಳಿದ ಕರಗಿದ ವಿಷಕ್ಕೆ ಸಕ್ರಿಯ ಇದ್ದಿಲು ಬಳಸಿ, ಕೊನೆಯಲ್ಲಿ ಕ್ಲೋರಿನ್ ಕೊಡುವುದು. ಇದು ನೀರು ಶುದ್ಧೀಕರಣ ಘಟಕಗಳ ಕೆಲಸ. ಮನೆಯವರ ಕೆಲಸ ಇಷ್ಟು: ಹಸಿರು ಪದರವಿರುವ ಕಾಲುವೆಯ ನೀರನ್ನು ನೇರವಾಗಿ ಕುಡಿಯದಿರುವುದು, ಅಲ್ಲಿ ಮಕ್ಕಳನ್ನು ಈಜಲು ಬಿಡದಿರುವುದು, ದನಕರುಗಳಿಗೂ ನಾಯಿಗೂ ಆ ದಂಡೆಯ ನೀರು ಕುಡಿಸದಿರುವುದು. ಜಾನುವಾರುಗಳು ಇಂತಹ ನೀರು ಕುಡಿದು ಸತ್ತ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ವಿಷವಿಲ್ಲದ ಪಾಚಿಯೂ ಮೀನನ್ನು ಕೊಲ್ಲಬಲ್ಲದು. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುತ್ತದೆ. ದಟ್ಟವಾಗಿ ಬೆಳೆದ ಕೆರೆಯಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಮುಗಿದು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಮೋಡ ಕವಿದ ದಿನಗಳ ಮರುದಿನ, ಅಥವಾ ಪಾಚಿ ಒಮ್ಮೆಲೇ ಸತ್ತು ಕೊಳೆತಾಗ ಈ ಅಪಾಯ ಹೆಚ್ಚು.

ಹವಳದ ತೊಟ್ಟಿ ಕಲಿಸುವ ಪಾಠ

ಪಾಚಿಯ ಹತೋಟಿಗೆ ಹಳೆಯ, ಅಗ್ಗದ, ಎಲ್ಲರಿಗೂ ಗೊತ್ತಿರುವ ಮದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಗದ್ದೆಗೆ ನೀರು ಬರುವ ಬಾಯಿಯಲ್ಲಿ ಇಡುವ ರೂಢಿ ಭತ್ತದ ಸೀಮೆಗಳಲ್ಲಿ ಇದೆ. ಅದು ಪಾಚಿಯನ್ನು ಕೊಲ್ಲುತ್ತದೆ, ಸಂದೇಹವಿಲ್ಲ. ಆದರೆ ಅದು ನೀರಿನಲ್ಲಿರುವ ರಂಜಕವನ್ನು ತೆಗೆಯುವುದಿಲ್ಲ. ಸತ್ತ ಪಾಚಿ ಕೊಳೆತು ತನ್ನಲ್ಲಿದ್ದ ಊಟವನ್ನು ನೀರಿಗೇ ಮರಳಿಸುತ್ತದೆ, ಕೆಲವು ವಾರಗಳಲ್ಲಿ ಮುಂದಿನ ಬೆಳೆ ಏಳುತ್ತದೆ. ತಾಮ್ರ ಕರಗಿ ಮಾಯವಾಗುವ ವಸ್ತುವೂ ಅಲ್ಲ, ಅದು ತಳದ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ, ಬಸವನಹುಳು ಸೀಗಡಿಗಳನ್ನೂ ಮರಿ ಮೀನುಗಳನ್ನೂ ಕೊಲ್ಲುತ್ತದೆ. ನೀಲಿ-ಹಸಿರು ಪಾಚಿಯ ದಟ್ಟ ಪದರಕ್ಕೆ ಹಾಕಿದರಂತೂ ಕೋಶಗಳೆಲ್ಲ ಒಟ್ಟಿಗೇ ಒಡೆದು ವಿಷ ಒಮ್ಮೆಲೇ ಬಿಡುಗಡೆಯಾಗುತ್ತದೆ. ಆದ್ದರಿಂದ ಕುಡಿಯುವ ನೀರಿನ ಮೂಲಕ್ಕೆ ಪಾಚಿ ಉಕ್ಕಿದ ಮೇಲೆ ಮೈಲುತುತ್ತ ಹಾಕುವುದು ಅಪಾಯಕಾರಿ.

ಕೊಲ್ಲುವ ದಾರಿಯನ್ನು ಬಿಟ್ಟು ಪಾಚಿಯನ್ನು ಹತೋಟಿಯಲ್ಲಿಡುವ ಕಲೆ ಚೆನ್ನಾಗಿ ಬೆಳೆದದ್ದು ಒಂದು ಅನಿರೀಕ್ಷಿತ ಜಾಗದಲ್ಲಿ, ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ. ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಕಾಣುವಂತಹ ಹವಳಗಳು ಪೋಷಕಾಂಶ ತೀರ ಕಡಿಮೆಯಿರುವ ತಿಳಿ ನೀರಿಗೆ ಒಗ್ಗಿದ ಪ್ರಾಣಿಗಳು. ಮನೆಯ ತೊಟ್ಟಿಯಲ್ಲಿ ಅವುಗಳನ್ನು ಸಾಕುವವರಿಗೆ ಕೂದಲಿನಂತಹ ಹಸಿರು ಎಳೆಪಾಚಿ, ಕೆಂಪು ಲೋಳೆಯಂತೆ ಮರಳನ್ನು ಮುಚ್ಚುವ ಸಯನೋಬ್ಯಾಕ್ಟೀರಿಯಾ, ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಬರುವ ಕಂದು ಡಯಾಟಮ್ ನಿತ್ಯದ ಕಾಟ. ಆದರೆ ತಾಮ್ರ ಹವಳಕ್ಕೂ ಸೀಗಡಿಗೂ ಮಾರಕವಾದ್ದರಿಂದ ಅವರಿಗೆ ಮೈಲುತುತ್ತದ ಬಾಗಿಲು ಮೊದಲೇ ಮುಚ್ಚಿದೆ. ಹಾಗಾಗಿ ಅವರು ಪಾಚಿಯನ್ನು ಹಸಿವಿನಿಂದ ಸೋಲಿಸುವುದನ್ನು ಕಲಿತರು: ಮೀನಿಗೆ ಹಾಕುವ ಮೇವನ್ನು ಅಳೆದು ಹಾಕುವುದು, ಲವಣಗಳನ್ನು ಸೋಸಿ ತೆಗೆದ ನೀರನ್ನೇ ತುಂಬುವುದು, ನೈಟ್ರೇಟ್ ಮತ್ತು ಫಾಸ್ಫೇಟ್, ಅಂದರೆ ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕದ ರೂಪಗಳ ಪ್ರಮಾಣವನ್ನು ನಿಯಮಿತವಾಗಿ ಅಳೆಯುವುದು, ಕೊಳೆಯನ್ನು ನೊರೆಯ ರೂಪದಲ್ಲಿ ಎತ್ತಿ ಹೊರಹಾಕುವುದು, ಪಕ್ಕದ ಇನ್ನೊಂದು ತೊಟ್ಟಿಯಲ್ಲಿ ಉಪಯುಕ್ತ ಪಾಚಿಯನ್ನು ಬೇಕೆಂದೇ ಬೆಳೆಸಿ ಕೊಯ್ದು ಎಸೆಯುವುದು, ಪಾಚಿ ಮೇಯುವ ಬಸವನಹುಳು ಮತ್ತು ಮೀನುಗಳನ್ನು ಬಿಡುವುದು, ದೀಪದ ವೇಳೆಯನ್ನು ಮೊಟಕುಗೊಳಿಸುವುದು. ಫಾಸ್ಫೇಟ್ ಹೀರಲು ಅವರು ಬಳಸುವ ಕೆಂಗಂದು ಹರಳುಗಳು ಕಬ್ಬಿಣದ ಸಂಯುಕ್ತವೇ. ಸಂಡೂರಿನ ಕೆಂಪು ನೆಲ ತನ್ನ ಕೆರೆಗಳಲ್ಲಿ ಮಾಡುವ ಕೆಲಸವನ್ನು ಅವು ತೊಟ್ಟಿಯಲ್ಲಿ ಮಾಡುತ್ತವೆ. ಕೆಲವೇ ನೂರು ಲೀಟರಿನ ಆ ತೊಟ್ಟಿಗೂ ನೂರು ಟಿಎಂಸಿಯ ಜಲಾಶಯಕ್ಕೂ ನಿಯಮ ಒಂದೇ: ಒಳಗೆ ಬರುವ ಊಟ ಹೊರಗೆ ಹೋಗುವ ಊಟಕ್ಕಿಂತ ಹೆಚ್ಚಾದರೆ, ವ್ಯತ್ಯಾಸ ಪಾಚಿಯಾಗಿ ಕಾಣಿಸಿಕೊಳ್ಳುತ್ತದೆ.

ಗದ್ದೆಯಲ್ಲಿ, ಕೆರೆಯಲ್ಲಿ, ಜಲಾಶಯದಲ್ಲಿ

ಈ ನಿಯಮವನ್ನು ಎಮ್ಮಿಗನೂರು, ಕಂಪ್ಲಿ ಭಾಗದ ಭತ್ತದ ಗದ್ದೆಗೆ ಅನ್ವಯಿಸುವುದು ಕಷ್ಟವಲ್ಲ. ನಾಟಿಯಾದ ಹೊಸದರಲ್ಲಿ ಎಳೆಪಾಚಿ ಮಣ್ಣಿನ ಮೇಲೆ ಚಾಪೆಯಾಗಿ ಬೆಳೆದು, ಹಗಲಿನಲ್ಲಿ ತಾನೇ ಬಿಡುವ ಆಮ್ಲಜನಕದ ಗುಳ್ಳೆಗಳ ಬಲದಿಂದ ತೇಲುತ್ತಾ, ಬೇರು ಊರದ ಸಸಿಗಳನ್ನು ಕಿತ್ತು ಮೇಲೆತ್ತುತ್ತದೆ, ತೆಂಡೆ ಒಡೆಯುವುದನ್ನು ತಡೆಯುತ್ತದೆ. ಇದಕ್ಕೆ ದೊಡ್ಡ ಕಾರಣ ನಿಂತ ನೀರಿನ ಮೇಲೆ ಡಿಎಪಿ ಎರಚುವ ಅಭ್ಯಾಸ. ಮೇಲೆ ಬಿದ್ದ ರಂಜಕ ಬೇರಿಗೆ ತಲುಪುವ ಮೊದಲು ಪಾಚಿಯ ಬಾಯಿಗೆ ಬೀಳುತ್ತದೆ. ಅದೇ ಗೊಬ್ಬರವನ್ನು ನಾಟಿಗೆ ಮುಂಚೆ ಕೆಸರು ಮಾಡುವ ಕೊನೆಯ ಸುತ್ತಿನಲ್ಲಿ ಹಾಕಿ ಮಣ್ಣಿನೊಳಗೆ ಬೆರೆಸಿದರೆ ಪಾಚಿ ಗಣನೀಯವಾಗಿ ತಗ್ಗುತ್ತದೆ, ಗೊಬ್ಬರವೂ ಬೆಳೆಗೆ ದಕ್ಕುತ್ತದೆ. ಚಾಪೆ ಕಟ್ಟಿದ ಮೇಲೆ ನೀರನ್ನು ಬಸಿದು ಎರಡು ಮೂರು ದಿನ ಗದ್ದೆಯನ್ನು ಆರಲು ಬಿಟ್ಟರೆ ಎಳೆಪಾಚಿ ಒಣಗಿ ಮಣ್ಣಿಗೆ ಸೇರುತ್ತದೆ. ಪೈರು ಬೆಳೆದು ನೆರಳು ಕವಿದ ಮೇಲೆ ಪಾಚಿಗೆ ಬೆಳಕು ಸಿಗದು, ಕಾಟ ತಾನಾಗಿಯೇ ಮುಗಿಯುತ್ತದೆ. ವರ್ಷಕ್ಕೆ ಎರಡು ಬೆಳೆಗೆ ಹಲವು ವರ್ಷ ಡಿಎಪಿ ಹಾಕಿದ ನೆಲದಲ್ಲಿ ರಂಜಕ ಸಾಕಷ್ಟು ಕೂಡಿರಬಹುದು. ಮಣ್ಣು ಪರೀಕ್ಷೆ ಮಾಡಿಸಿದರೆ ಒಂದು ಹಂಗಾಮಿನ ಚೀಲವೇ ಉಳಿಯಬಹುದು. ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪ ಮತ್ತು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಗಳಂತಹ ಸಂಸ್ಥೆಗಳ ಸಲಹೆ ಈ ಭಾಗದ ರೈತರಿಗೆ ಹತ್ತಿರದಲ್ಲೇ ಇದೆ.

ಊರ ಕೆರೆ ಮತ್ತು ಹಂಪಿಯಂತಹ ಜಾಗಗಳ ಪುಷ್ಕರಣಿಗಳಿಗೆ ಬೇರೆ ಕ್ರಮ ಬೇಕು. ನೀರು ಬದಲಾಗದ ಕಲ್ಲಿನ ಹೊಂಡದಲ್ಲಿ ಬಿಸಿಲು, ಬಿದ್ದ ಎಲೆ, ಎಸೆದ ಹೂವು ಮತ್ತು ಊಟದ ಚೂರು ಸೇರಿ ಪಾಚಿಗೆ ಬೇಕಾದುದೆಲ್ಲ ದೊರೆಯುತ್ತದೆ. ಅಲ್ಲಿ ಔಷಧಕ್ಕಿಂತ ಕಸವನ್ನು ತಡೆಯುವುದು, ಎಳೆಪಾಚಿಯನ್ನು ಬಾಚಿ ದಂಡೆಯಿಂದ ದೂರ ಸಾಗಿಸುವುದು ಹೆಚ್ಚು ಫಲಕಾರಿ. ಬಾಚಿದ ಪಾಚಿಯನ್ನು ದಂಡೆಯಲ್ಲೇ ಬಿಟ್ಟರೆ ಮುಂದಿನ ಮಳೆಗೆ ಅದರ ರಂಜಕ ಕೆರೆಗೇ ಮರಳುತ್ತದೆ. ತಿಪ್ಪೆಗೆ ಹಾಕಿ ಕಾಂಪೋಸ್ಟ್ ಮಾಡಿದರೆ ಕೆರೆಯ ನಷ್ಟ ಹೊಲದ ಲಾಭವಾಗುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವ ಹಿರಿಯರ ಪದ್ಧತಿ ಇಂದಿನ ವಿಜ್ಞಾನದ ಕಣ್ಣಿನಲ್ಲಿ ರಂಜಕವನ್ನು ನೀರಿನಿಂದ ನೆಲಕ್ಕೆ ಹಿಂದಿರುಗಿಸುವ ಉತ್ತಮ ಉಪಾಯ. ಕೆರೆಗೆ ನೀರು ಬರುವ ಬಾಯಿಯಲ್ಲಿ ಬೆಳೆದ ಜೊಂಡನ್ನು ಪೂರ್ತಿ ಕಡಿಯಬಾರದು. ಅದು ಹರಿದು ಬರುವ ಮಣ್ಣನ್ನೂ ಪೋಷಕಾಂಶವನ್ನೂ ತಡೆಯುವ ಜರಡಿ.

ಸುಮಾರು 378 ಚದರ ಕಿಲೋಮೀಟರ್ ಹರಡಿಕೊಂಡ ಜಲಾಶಯಕ್ಕೆ ಮಾತ್ರ ಯಾವ ಮದ್ದನ್ನೂ ಸುರಿಯಲಾಗದು, ಯಾವ ಯಂತ್ರವೂ ಬಾಚಲಾರದು. ಅದರ ಚಿಕಿತ್ಸೆ ಇರುವುದು ಅಣೆಕಟ್ಟಿನಲ್ಲಲ್ಲ, ಮೇಲಿನ ಊರುಗಳ ಚರಂಡಿಯ ತುದಿಯಲ್ಲಿ ಮತ್ತು ಹೊಲದ ಬದುಗಳಲ್ಲಿ. ಅದಕ್ಕೆ ಫಲ ಸಿಗುತ್ತದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರ ಸಾಕ್ಷಿ. ಅಲ್ಲಿ 1955ರಲ್ಲಿ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಾಗ ಡಬ್ಲ್ಯು.ಟಿ. ಎಡ್ಮಂಡ್‌ಸನ್ ಎಂಬ ಜಲವಿಜ್ಞಾನಿ ಚರಂಡಿ ನೀರೇ ಕಾರಣವೆಂದು ತೋರಿಸಿದರು. 1958ರಲ್ಲಿ ಜನ ಮತ ಹಾಕಿ ಖರ್ಚು ಹೊರಲು ಒಪ್ಪಿದರು. 1963ರಿಂದ 1968ರವರೆಗೆ ಆ ನೀರನ್ನು ಹಂತಹಂತವಾಗಿ ಸರೋವರದಿಂದ ಬೇರೆಡೆಗೆ ತಿರುಗಿಸಲಾಯಿತು. ಒಂದು ಮೀಟರ್ ಆಳವೂ ಕಾಣದಿದ್ದ ಸರೋವರ ಕೆಲವೇ ವರ್ಷಗಳಲ್ಲಿ ಮೂರು ಮೀಟರ್ ಆಳದವರೆಗೆ ತಿಳಿಯಾಯಿತು. ಆ ಸರೋವರಕ್ಕೆ ಯಾವ ಮದ್ದನ್ನೂ ಹಾಕಿರಲಿಲ್ಲ, ಊಟ ಹಾಕುವುದನ್ನು ನಿಲ್ಲಿಸಿದ್ದರು.

ತುಂಗಭದ್ರೆಯ ಕಣಿವೆಯಲ್ಲಿ ಎಲ್ಲರೂ ಯಾರಿಗೋ ಮೇಲಿನವರು, ಯಾರಿಗೋ ಕೆಳಗಿನವರು. ಶಿವಮೊಗ್ಗ, ಹರಿಹರಗಳ ನೀರು ಹೊಸಪೇಟೆಗೆ ಬರುತ್ತದೆ. ಹೊಸಪೇಟೆಯ ಚರಂಡಿಯೂ ಎಮ್ಮಿಗನೂರಿನ ಗದ್ದೆಗಳಿಂದ ಬಸಿದ ನೀರೂ ಇನ್ನೂ ಕೆಳಗಿನ ಊರುಗಳತ್ತ ಹರಿಯುತ್ತವೆ. ಆದ್ದರಿಂದ ನಗರಸಭೆಗಳು ತಮ್ಮ ಕೊಳಚೆ ನೀರನ್ನು ಪೂರ್ತಿ ಸಂಸ್ಕರಿಸಿಯೇ ನದಿಗೆ ಬಿಡಬೇಕು. ನೀರು ಹಸಿರಾದ ತಿಂಗಳುಗಳಲ್ಲಿ ಜಲಾಶಯ ಮತ್ತು ಕಾಲುವೆಯ ನೀರಿನ ವಿಷಪರೀಕ್ಷೆ ನಡೆದು ಅದರ ಫಲಿತಾಂಶ ಜನರಿಗೆ ತಿಳಿಯಬೇಕು. ರೈತರು ಮುಂದಿನ ಹಂಗಾಮಿನ ಡಿಎಪಿ ಕೊಳ್ಳುವ ಮೊದಲು ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ಕಳುಹಿಸಬೇಕು. ನೂರು ಚೀಲದ ರಂಜಕ ಒಂದು ಟಿಎಂಸಿ ನೀರನ್ನು ಹಸಿರು ಮಾಡಬಲ್ಲದು. ಹೊಲದಲ್ಲೇ ಉಳಿದ ನೂರು ಚೀಲ ಅಷ್ಟೇ ನೀರನ್ನು ಕಾಯುತ್ತದೆ.